ಕಾಲೇಜಿನಿಂದ ಹೊರಬಿದ್ದ ಹುಡುಗ

ಕಾಲೇಜಿಗೆ ಹೋದ ಮಗನ ಹೆಸರು ಹಾಜರಿಪಟ್ಟಿಯಿಂದ ಹೊಡೆದುಹೋಯಿತೆಂಬ ಸುದ್ದಿ ಮನೆಗೆ ಮುಟ್ಟುವ ದಿನ ಬಲು ಕೆಟ್ಟ ದಿನ. ಅಡಿಗೆಮನೆಯಲ್ಲಿ ಒಲೆ ಉರಿಯುತ್ತಲೇ ಇರುತ್ತದೆ; ಬಡಿಸುವವರಿಗೂ ಉಣ್ಣುವವರಿಗೂ ಅದರ ನೆನಪಿರುವುದಿಲ್ಲ. ತಂದೆಯಾದವರು ಒಂದು ಗಳಿಗೆ ಸಿಟ್ಟಾಗುತ್ತಾರೆ, ಮರುಗಳಿಗೆ ಯಾರನ್ನು ಹಿಡಿದರೆ ಕೆಲಸವಾದೀತೆಂದು ಯೋಚಿಸುತ್ತಾರೆ. ತಾಯಿಗೆ ಮಗನ ತಪ್ಪಿಗಿಂತ ಅವನ ಬಾಡಿದ ಮುಖವೇ ದೊಡ್ಡದಾಗಿ ಕಾಣುತ್ತದೆ. ನೆರೆಹೊರೆಯವರು ಕೇಳಿದರೆ ಏನು ಹೇಳಬೇಕೆಂಬ ಚಿಂತೆ ಬೇರೆ.

1916ನೆಯ ಇಸವಿಯ ಮಾರ್ಚ್ ತಿಂಗಳ ಕೊನೆಯಲ್ಲಿ ಒರಿಸ್ಸಾದ ಕಟಕ ನಗರದ ಒಂದು ಮನೆಗೆ ಅಂಥ ದಿನ ಬಂದಿತು. ಮನೆಯ ಯಜಮಾನರು ಜಾನಕೀನಾಥ ಬೋಸರು; ಊರಿಗೆಲ್ಲ ಹೆಸರಾದ ವಕೀಲರು; 1912ರಲ್ಲಿ ಸರ್ಕಾರದಿಂದ ರಾಯಬಹಾದ್ದೂರ್ ಬಿರುದನ್ನು ಪಡೆದಿದ್ದವರು. ಅವರಿಗೆ ಹದಿನಾಲ್ಕು ಮಂದಿ ಮಕ್ಕಳು. ಕಲ್ಕತ್ತೆಯಿಂದ ರೈಲಿನಲ್ಲಿ ಬಂದಿಳಿದವನು ಅವರಲ್ಲಿ ಒಂಬತ್ತನೆಯವನು. ವಯಸ್ಸು ಹತ್ತೊಂಬತ್ತು. ಮೂರು ವರ್ಷಗಳ ಕೆಳಗೆ ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ಇಡೀ ಕಲ್ಕತ್ತಾ ವಿಶ್ವವಿದ್ಯಾಲಯಕ್ಕೆ ಎರಡನೆಯವನಾಗಿ ತೇರ್ಗಡೆ ಹೊಂದಿ, ಬಂಗಾಳದಲ್ಲಿ ಎಲ್ಲರೂ ಬಾಯಿ ಬಿಡುತ್ತಿದ್ದ ಪ್ರೆಸಿಡೆನ್ಸಿ ಕಾಲೇಜನ್ನು ಸೇರಿದ್ದ ಹುಡುಗ, ಈಗ ಯಾವ ಕಾಲೇಜಿಗೂ ಸೇರದವನಾಗಿ ತಂದೆಯ ಮುಂದೆ ನಿಂತಿದ್ದನು. ಪ್ರಾಧ್ಯಾಪಕರೊಬ್ಬರ ಮೇಲೆ ಕೈಮಾಡಿದ ಗುಂಪಿನಲ್ಲಿದ್ದನೆಂಬುದು ಅವನ ಮೇಲಿನ ಆರೋಪ. ಹುಡುಗನ ಹೆಸರು ಸುಭಾಷಚಂದ್ರ.

ಮುಂದೆ ನೇತಾಜಿಯೆಂದು ಲೋಕವೆಲ್ಲ ಬಲ್ಲ ಆ ಪುರುಷರ ಜೀವನದಲ್ಲಿ ಈ ಪ್ರಸಂಗವನ್ನು ಸಾಮಾನ್ಯವಾಗಿ ಕೊನೆಯಿಂದ ಮೊದಲಿಗೆ ಓದುವುದೇ ವಾಡಿಕೆಯಾಗಿದೆ. ಸೈನ್ಯ ಕಟ್ಟಿದ ವೀರರು ಹತ್ತೊಂಬತ್ತನೆಯ ವಯಸ್ಸಿನಲ್ಲಿಯೇ ಆಂಗ್ಲ ಪ್ರಾಧ್ಯಾಪಕನೊಬ್ಬನಿಗೆ ಬುದ್ಧಿ ಕಲಿಸಿದರು ಎಂದು ಭಾಷಣಗಳಲ್ಲಿ ಹೇಳುವುದೂ, ಸಭೆ ಚಪ್ಪಾಳೆ ತಟ್ಟುವುದೂ ನಡೆದುಬಂದಿದೆ. ಆದರೆ ಅಂದು ಕಟಕದ ಮನೆಯ ಪಡಸಾಲೆಯಲ್ಲಿ ಕುಳಿತಿದ್ದವರಿಗೆ ಆಜಾದ್ ಹಿಂದ್ ಸೇನೆ ಗೊತ್ತಿರಲಿಲ್ಲ. ಅವರ ಕಣ್ಣಿಗೆ ಬಿದ್ದುದು ಓದು ನಿಂತುಹೋದ ಒಬ್ಬ ಹುಡುಗ ಮಾತ್ರ. ಪ್ರಸಂಗದ ನಿಜವಾದ ತೂಕ ತಿಳಿಯಬೇಕಾದರೆ ಅದನ್ನು ಅವರು ನೋಡಿದಂತೆಯೇ ನೋಡಬೇಕು.

ಆಗ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಎಡ್ವರ್ಡ್ ಫಾರ್ಲಿ ಓಟನ್ ಎಂಬವರು ಇತಿಹಾಸದ ಪ್ರಾಧ್ಯಾಪಕರಾಗಿದ್ದರು. ಮೂವತ್ತೆರಡರ ಆಸುಪಾಸಿನ ವಯಸ್ಸು; ಭಾರತದಲ್ಲಿದ್ದ ಇಂಗ್ಲಿಷರ ಸಾಹಿತ್ಯವನ್ನು ಕುರಿತು 1908ರಲ್ಲಿಯೇ ಒಂದು ಪುಸ್ತಕ ಬರೆದು ಹೆಸರು ಪಡೆದಿದ್ದವರು; ಆದುದರಿಂದ ಓದಿಲ್ಲದ ದರ್ಪಿಷ್ಠನೆಂದು ಅವರನ್ನು ತಳ್ಳಿಹಾಕುವಂತಿಲ್ಲ. ಗ್ರೀಕರು ತಾವು ಹೋದಲ್ಲೆಲ್ಲ ಅನಾಗರಿಕರನ್ನು ನಾಗರಿಕರನ್ನಾಗಿ ಮಾಡಿದಂತೆ ಇಂಗ್ಲಿಷರೂ ಭಾರತದಲ್ಲಿ ಆ ಕೆಲಸವನ್ನೇ ಮಾಡಬೇಕಾಗಿದೆ ಎಂಬರ್ಥದ ಮಾತನ್ನು ಅವರು ಆಡಿದರೆಂದು ವಿದ್ಯಾರ್ಥಿಗಳಲ್ಲಿ ಅಸಮಾಧಾನವಿತ್ತು. ಅತಿಥಿಯಾಗಿ ಬಂದವನು ಮನೆಯವರನ್ನೇ ಅನಾಗರಿಕರೆಂದರೆ ಯಾರಿಗೆ ತಾನೆ ಸಹನೆಯಾದೀತು?

ಜನವರಿ ತಿಂಗಳ 10ನೆಯ ತಾರೀಖಿನಂದು ಕೆಲವು ವಿದ್ಯಾರ್ಥಿಗಳು ಓಟನ್ನರು ಪಾಠ ಹೇಳುತ್ತಿದ್ದ ಕೋಣೆಯ ಪಕ್ಕದ ಮೊಗಸಾಲೆಯಲ್ಲಿ ನಡೆದುಹೋಗುತ್ತಿದ್ದರು. ಗದ್ದಲವಾಯಿತು. ಓಟನ್ನರು ಸಿಟ್ಟಿನಿಂದ ಹೊರಗೆ ಬಂದು ಮುಂದಿದ್ದ ಕೆಲವರನ್ನು ಹಿಂದಕ್ಕೆ ನೂಕಿದರು. ಸುಭಾಷರು ಆ ವೇಳೆಗೆ ಪುಸ್ತಕಾಲಯದಲ್ಲಿದ್ದರು. ಸುದ್ದಿ ಅಲ್ಲಿಗೆ ಬಂದಿತು. ತರಗತಿಗೊಬ್ಬ ಪ್ರತಿನಿಧಿಯನ್ನು ಆರಿಸುವ ಪದ್ಧತಿ ಆ ಕಾಲೇಜಿನಲ್ಲಿತ್ತು, ಅವರ ತರಗತಿಗೆ ಅವರೇ ಪ್ರತಿನಿಧಿ. ಆದಕಾರಣ ಪ್ರಿನ್ಸಿಪಾಲರ ಬಳಿಗೆ ಹೋಗಿ, ಓಟನ್ನರು ಆ ಹುಡುಗರಲ್ಲಿ ಕ್ಷಮೆ ಕೇಳುವುದು ಉಚಿತವೆಂದು ಸೂಚಿಸಿದರು.

ಪ್ರಿನ್ಸಿಪಾಲರಾದ ಜೇಮ್ಸರು ಕೆಟ್ಟವರಲ್ಲ. ಭಾರತದ ಶಿಕ್ಷಣವನ್ನು ಕುರಿತು ಗ್ರಂಥ ಬರೆದವರು. ತಮ್ಮ ವಿದ್ಯಾರ್ಥಿಗಳ ಮೇಲೆ ಪೊಲೀಸರು ಕಣ್ಣಿಟ್ಟಾಗ ಒಂದಕ್ಕಿಂತ ಹೆಚ್ಚು ಸಲ ಅಡ್ಡ ನಿಂತು ಕಾಪಾಡಿದವರೆಂದು ಸುಭಾಷರೇ ಮುಂದೆ ಬರೆದಿದ್ದಾರೆ. ಆದರೆ ಅಂದು ಅವರ ಬಾಯಿಂದ ಹೊರಟ ಉತ್ತರ ಬೇರೆಯಾಯಿತು. ಓಟನ್ನರು ಇಂಡಿಯನ್ ಎಜುಕೇಷನಲ್ ಸರ್ವಿಸಿಗೆ ಸೇರಿದವರು, ಅವರನ್ನು ಕ್ಷಮೆ ಕೇಳೆಂದು ತಾನು ಒತ್ತಾಯಿಸಲಾಗದು. ಅಲ್ಲದೆ ಅವರು ಹುಡುಗರನ್ನು ಕೈಹಿಡಿದು ಸರಿಸಿದರಷ್ಟೆ, ಅದರಲ್ಲಿ ಅವಮಾನವೇನೂ ಇಲ್ಲ. ನೂಕಿಸಿಕೊಂಡ ಹುಡುಗರಿಗೆ ಈ ಮಾತು ನೂಕಿದ್ದಕ್ಕಿಂತ ಹೆಚ್ಚಾಗಿ ನೋಯಿಸಿತು.

ಮರುದಿನ ಕಾಲೇಜಿನಲ್ಲಿ ಮುಷ್ಕರ. ಸರ್ಕಾರಿ ಕಾಲೇಜೊಂದರಲ್ಲಿ, ಅದೂ ಯುದ್ಧದ ದಿನಗಳಲ್ಲಿ, ವಿದ್ಯಾರ್ಥಿಗಳೆಲ್ಲ ಒಟ್ಟಾಗಿ ಪಾಠ ಬಿಡುವುದೆಂದರೆ ಸಾಮಾನ್ಯ ಸಂಗತಿಯಾಗಿರಲಿಲ್ಲ. ಅದರ ಮರುದಿನವೂ ಮುಷ್ಕರ ನಡೆಯಿತು. ಕಡೆಗೆ ಓಟನ್ನರೇ ವಿದ್ಯಾರ್ಥಿ ಪ್ರತಿನಿಧಿಗಳನ್ನು ಕರೆಸಿ ಮಾತಾಡಿದರು. ಎರಡು ಕಡೆಯವರ ಮಾನವೂ ಉಳಿಯುವಂತೆ ರಾಜಿಯಾಯಿತು. ಅಲ್ಲಿಗೆ ಎಲ್ಲವೂ ಮುಗಿಯಬಹುದಾಗಿತ್ತು. ಆದರೆ ಮುಷ್ಕರದ ದಿನ ಬಾರದ ವಿದ್ಯಾರ್ಥಿಗಳೆಲ್ಲರ ಮೇಲೆ ಹಾಕಿದ್ದ ಜುಲ್ಮಾನೆಯನ್ನು ಪ್ರಿನ್ಸಿಪಾಲರು ಹಿಂತೆಗೆದುಕೊಳ್ಳಲಿಲ್ಲ. ಪೆಟ್ಟು ಕೊಟ್ಟವರೂ ತಿಂದವರೂ ಕೈಕುಲುಕಿದ ಮೇಲೆ ಕಾಲೇಜಿನ ಕಛೇರಿ ಮಾತ್ರ ತನ್ನ ಲೆಕ್ಕದ ಪುಸ್ತಕವನ್ನು ಬಿಡದೆ ಹಿಡಿದುಕೊಂಡಿತ್ತು.

ಎಲ್ಲರಿಗೂ ಒಟ್ಟಾಗಿ ಹಾಕುವ ದಂಡದಲ್ಲಿ ಒಂದು ವಿಚಿತ್ರ ಗುಣವಿದೆ. ತಪ್ಪು ಮಾಡಿದವನಿಗೆ ಅದು ನೆರಳಾಗುತ್ತದೆ, ಮಾಡದವನಿಗೆ ಬಿಸಿಲಾಗುತ್ತದೆ. ಹಾಗೆಂದು ಅದು ಹಳೆಯ ಕಾಲದ ಮಾತೆಂದು ತಿಳಿಯಬಾರದು. ಕಾಲೇಜುಗಳಲ್ಲಿ ಹೊಸ ವಿದ್ಯಾರ್ಥಿಗಳನ್ನು ಹಿಂಸಿಸುವ ರ‍್ಯಾಗಿಂಗ್ ಎಂಬ ಪಿಡುಗನ್ನು ತಡೆಯುವುದಕ್ಕಾಗಿ ವಿಶ್ವವಿದ್ಯಾಲಯ ಧನಸಹಾಯ ಆಯೋಗ 2009ರಲ್ಲಿ ಹೊರಡಿಸಿದ ನಿಯಮಾವಳಿಯಲ್ಲಿಯೂ, ಅಪರಾಧಿಗಳು ಯಾರೆಂದು ಗೊತ್ತಾಗದಿದ್ದಲ್ಲಿ ಸಾಮೂಹಿಕ ಶಿಕ್ಷೆಯನ್ನು ವಿಧಿಸಬೇಕೆಂಬ ಮಾತು ಸೇರಿದೆ. ಮೌನವಾಗಿ ನೋಡಿದವರೂ ಹೊಣೆಗಾರರೇ ಎಂಬುದು ಅದರ ತರ್ಕ. ಅದಕ್ಕೆ ಬಲವಿದೆ, ಒಬ್ಬ ಹುಡುಗನನ್ನು ಹತ್ತು ಮಂದಿ ಸೇರಿ ಪೀಡಿಸುತ್ತಿದ್ದಾಗ ಪಕ್ಕದ ಕೋಣೆಯವರಿಗೆ ಕೇಳಿಸಿಯೇ ಇರುತ್ತದೆ. ಆದರೂ ಅದನ್ನು ಕೈಗೆ ತೆಗೆದುಕೊಳ್ಳುವವರು ಪ್ರೆಸಿಡೆನ್ಸಿ ಕಾಲೇಜಿನ ಆ ಜುಲ್ಮಾನೆಯನ್ನು ಒಮ್ಮೆ ನೆನೆಯುವುದು ಒಳ್ಳೆಯದು. ಆ ಹಣ ವಸೂಲಾಗಿರಬಹುದು. ಅದರೊಂದಿಗೆ ಪ್ರಿನ್ಸಿಪಾಲರ ಮೇಲಿದ್ದ ವಿಶ್ವಾಸವೂ ಹುಡುಗರ ಕೈಬಿಟ್ಟುಹೋಯಿತು.

ಹೋದುದು ತಿಳಿದದ್ದು ಒಂದು ತಿಂಗಳ ಅನಂತರ. ಫೆಬ್ರವರಿ 15ನೆಯ ತಾರೀಖು ಓಟನ್ನರು ಮತ್ತೊಬ್ಬ ವಿದ್ಯಾರ್ಥಿಯ ಮೇಲೆ ಕೈಮಾಡಿದರೆಂಬ ಸುದ್ದಿ ಹಬ್ಬಿತು. ಈ ಸಲದವನು ಮೊದಲನೆಯ ವರ್ಷದ ಹುಡುಗ, ಕಾಲೇಜಿಗೆ ಹೊಸಬ. ಏನು ಮಾಡತಕ್ಕದ್ದು? ಪ್ರಿನ್ಸಿಪಾಲರ ಬಳಿ ಹೋದರೆ ಸಿಗುವ ಉತ್ತರ ಗೊತ್ತೇ ಇತ್ತು. ಮುಷ್ಕರ ಹೂಡಿದರೆ ಮತ್ತೆ ಜುಲ್ಮಾನೆ. ಬಾಗಿಲು ಎರಡೂ ಮುಚ್ಚಿದೆಯೆಂದು ಕಂಡಾಗ ಕೆಲವರು ಮೂರನೆಯ ದಾರಿಯನ್ನು ಹಿಡಿದರು. ಅಂದು ಮಧ್ಯಾಹ್ನ ಮೂರು ಗಂಟೆಯ ಸುಮಾರಿಗೆ ಓಟನ್ನರು ಒಂದು ನೋಟೀಸನ್ನು ಹಚ್ಚುವುದಕ್ಕೆಂದು ಕೆಳಗಿಳಿದು ಬಂದಾಗ, ಮೆಟ್ಟಿಲ ಬುಡದಲ್ಲಿ ಒಂದು ಗುಂಪು ಅವರನ್ನು ಸುತ್ತುಗಟ್ಟಿ ಕೆಡವಿ ಥಳಿಸಿತು. ಎಲ್ಲವೂ ನಡೆದುಹೋದುದು ನಿಮಿಷಾರ್ಧದಲ್ಲಿ. ಸಹೋದ್ಯೋಗಿಗಳು ಓಡಿಬರುವಷ್ಟರಲ್ಲಿ ಅಲ್ಲಿ ಯಾರೂ ಇರಲಿಲ್ಲ.

ಈ ಕೃತ್ಯವನ್ನು ಯಾವ ಬಣ್ಣದ ಬಟ್ಟೆಯಿಂದಲೂ ಮುಚ್ಚಲಾಗದು. ಒಂಟಿಯಾಗಿ ಬರುತ್ತಿದ್ದ ಒಬ್ಬನ ಮೇಲೆ ಗುಂಪು ಕಟ್ಟಿ ಬೀಳುವುದರಲ್ಲಿ ಶೌರ್ಯವೇನೂ ಇಲ್ಲ. ಬಿದ್ದವನು ಪಾಠ ಹೇಳುವವನಾದರಂತೂ ಹೇಳುವುದೇ ಬೇಡ. ದೇಶಾಭಿಮಾನದ ಹೆಸರಿನಲ್ಲಿ ಇದನ್ನು ಕೊಂಡಾಡುವವರು, ನಾಳೆ ತಮ್ಮೂರಿನ ಕಾಲೇಜಿನಲ್ಲಿ ಯಾವುದೋ ಸಣ್ಣ ಸಿಟ್ಟಿಗೆ ಹುಡುಗರು ಮೇಷ್ಟರ ಅಂಗಿ ಹಿಡಿದರೆ ಏನು ಹೇಳುವರೋ ತಿಳಿಯದು. ಸುಭಾಷರೂ ಅದನ್ನು ಕೊಂಡಾಡಲಿಲ್ಲ. ತಾವು ಅದನ್ನು ಕಣ್ಣಾರೆ ಕಂಡುದಾಗಿಯೂ, ಹಿಂದಿನಿಂದ ಬಂದು ಹೊಡೆದರೆಂಬುದು ಮಾತ್ರ ಸುಳ್ಳೆಂದೂ ಅವರು ತಮ್ಮ ಆತ್ಮಕಥೆಯಲ್ಲಿ ಹೇಳಿದ್ದಾರೆ. ಆಸ್ಟ್ರಿಯಾ ದೇಶದ ಬಾಡ್‌ಗಾಸ್ಟೈನ್ ಎಂಬ ಊರಿನಲ್ಲಿ 1937ರ ಡಿಸೆಂಬರಿನಲ್ಲಿ ಬರೆದ ಆ ಪುಸ್ತಕದಲ್ಲಿ, ಹೊಡೆದವರ ಹೆಸರು ಒಂದೂ ಇಲ್ಲ. ಇಪ್ಪತ್ತೊಂದು ವರ್ಷಗಳು ಕಳೆದಿದ್ದರೂ ಇಲ್ಲ.

ಮುಂದಿನ ಕೆಲವು ದಿನಗಳಲ್ಲಿ ನಡೆದುದು ನಾಟಕಗಳಲ್ಲಿಯೂ ಅಪರೂಪ. ಬಂಗಾಳ ಸರ್ಕಾರ ಕಾಲೇಜನ್ನು ಮುಚ್ಚಿತು. ವಿಚಾರಣೆಗೊಂದು ಸಮಿತಿಯನ್ನು ನೇಮಿಸಿತು. ತನ್ನನ್ನು ಕೇಳದೆ ಕಾಲೇಜನ್ನು ಮುಚ್ಚಿದುದು ಜೇಮ್ಸರಿಗೆ ಸಹಿಸಲಿಲ್ಲ. ಅವರು ಶಿಕ್ಷಣ ಖಾತೆಯ ಸದಸ್ಯರ ಬಳಿಗೆ ಹೋಗಿ ವಾದಕ್ಕಿಳಿದರು. ವಾದ ಮಾತಿಗೆ ಮಾತು ಬೆಳೆದು, ಸದಸ್ಯರಿಗೆ ಘೋರ ಅಪಮಾನ ಮಾಡಿದರೆಂಬ ಕಾರಣಕ್ಕೆ ಜೇಮ್ಸರೇ ಅಮಾನತಾದರು. ಶಿಸ್ತನ್ನು ಕಾಯಬೇಕಾಗಿದ್ದವರು ಅಶಿಸ್ತಿನ ದೋಷಕ್ಕೆ ಸಿಕ್ಕಿಬಿದ್ದುದು ಹೀಗೆ. ಮೇಲಿನವರು ತನ್ನ ಅಹವಾಲನ್ನು ಕೇಳಲಿಲ್ಲವೆಂಬ ಸಂಕಟ ಎಷ್ಟರಮಟ್ಟಿಗೆ ಮನುಷ್ಯನ ನಾಲಗೆಯ ಹಿಡಿತವನ್ನು ತಪ್ಪಿಸಬಲ್ಲುದೆಂಬುದನ್ನು ಜೇಮ್ಸರು ಆಗ ಸ್ವಂತಕ್ಕೆ ಅರಿತಿರಬೇಕು. ಅರಿತ ಮೇಲಾದರೂ ಮೊಗಸಾಲೆಯ ಹುಡುಗರ ನೆನಪು ಬಂದಿತೋ ಇಲ್ಲವೋ.

ಅಧಿಕಾರ ಕೈಜಾರುವ ಮುನ್ನ ಅವರು ಒಂದು ಕೆಲಸ ಮಾಡಿ ಮುಗಿಸಿದರು. ಪುಂಡರೆಂದು ತಮ್ಮ ಮನಸ್ಸಿನಲ್ಲಿ ಗುರುತು ಹಾಕಿಕೊಂಡಿದ್ದವರನ್ನೆಲ್ಲ ಕರೆಸಿದರು. ಸುಭಾಷರನ್ನು ಕಂಡು, ಕಾಲೇಜಿನಲ್ಲಿ ನಿನ್ನಷ್ಟು ಕಿರುಕುಳದವನು ಇನ್ನೊಬ್ಬನಿಲ್ಲವೆಂದು ಸಿಡಿದು, ಅಮಾನತಿನ ಆಜ್ಞೆಯನ್ನು ಅಲ್ಲಿಯೇ ನುಡಿದರು. ಹುಡುಗ ವಂದನೆ ಹೇಳಿ ಹೊರಟುಬಂದ. ಸ್ವಲ್ಪ ದಿನಗಳಲ್ಲಿಯೇ ಕಾಲೇಜಿನ ಆಡಳಿತ ಮಂಡಲಿ ಆ ಆಜ್ಞೆಯನ್ನು ಸ್ಥಿರಪಡಿಸಿ ಉಚ್ಚಾಟನೆಯನ್ನೇ ವಿಧಿಸಿತು. ಬೇರೊಂದು ಕಾಲೇಜಿನಲ್ಲಿ ಓದಲು ಅನುಮತಿ ಬೇಡಿದಾಗ ವಿಶ್ವವಿದ್ಯಾಲಯ ಅದನ್ನೂ ನಿರಾಕರಿಸಿತು. ಸುಭಾಷರೊಂದಿಗೆ ಅನಂಗಮೋಹನ ದಾಮ್ ಎಂಬ ಇನ್ನೊಬ್ಬ ವಿದ್ಯಾರ್ಥಿಯೂ ಹೊರಬಿದ್ದರು. ನೇತಾಜಿಯ ಜಯಂತಿಯ ದಿನ ಭಾಷಣ ಮಾಡುವವರು ಅವರನ್ನು ನೆನೆಯುವುದು ತೀರ ಅಪರೂಪ. ಶಿಕ್ಷೆ ಮಾತ್ರ ಇಬ್ಬರಿಗೂ ಒಂದೇ ಆಗಿತ್ತು.

ಇಷ್ಟಕ್ಕೆಲ್ಲ ಆಧಾರವೇನು? ಹತ್ತಾರು ಮಂದಿ ಹುಡುಗರು ಕೂಡಿ ಮಾಡಿದ ಕೆಲಸದಲ್ಲಿ ಈ ಇಬ್ಬರನ್ನು ಕಂಡುದಾಗಿ ಹೇಳಿದವನು ಕಾಲೇಜಿನ ಒಬ್ಬ ಜವಾನ. ಅವನು ಸುಳ್ಳು ಹೇಳಿದನೆಂದು ಭಾವಿಸಬೇಕಾಗಿಲ್ಲ. ಸುಭಾಷರು ಅಲ್ಲಿದ್ದುದನ್ನು ಅವರೇ ಒಪ್ಪಿದ್ದಾರೆ. ಆದರೆ ಅಲ್ಲಿರುವುದು ಒಂದು, ಕೈ ಎತ್ತುವುದು ಇನ್ನೊಂದು. ಮೊದಲನೆಯದಕ್ಕೆ ಸಾಕ್ಷಿ ಕೇಳಿ ಎರಡನೆಯದಕ್ಕೆ ಶಿಕ್ಷೆ ಕೊಡುವಾಗ ನಡುವಿನ ಅಂತರವನ್ನು ಅಳೆಯಬೇಕಾದುದು ನ್ಯಾಯ. ಪ್ರೆಸಿಡೆನ್ಸಿ ಕಾಲೇಜಿನ ಮಂಡಲಿಗೆ ಅಳೆಯುವಷ್ಟು ಸಮಾಧಾನವಿರಲಿಲ್ಲ. ಪ್ರಿನ್ಸಿಪಾಲರ ಆಜ್ಞೆ ಮೊದಲು ಬಂದಿತು. ವಿಚಾರಣಾ ಸಮಿತಿಯ ವರದಿ ಆಮೇಲೆ.

ಈಚಿನ ಕಾಲದಲ್ಲಿ ನ್ಯಾಯಸ್ಥಾನಗಳು ಈ ವಿಷಯವನ್ನು ಬಹಳ ಸಲ ತೂಗಿ ನೋಡಿವೆ. ಉತ್ತರ ಪ್ರದೇಶದ ಇಂಟರ್‌ಮೀಡಿಯೆಟ್ ಮಂಡಲಿ 1954ರ ಪರೀಕ್ಷೆಯಲ್ಲಿ ಮೂವರು ವಿದ್ಯಾರ್ಥಿಗಳು ಅಕ್ರಮ ಮಾಡಿದರೆಂದು, ಅವರನ್ನು ಒಂದು ಮಾತೂ ಕೇಳದೆ, ಫಲಿತಾಂಶವನ್ನು ರದ್ದು ಮಾಡಿತ್ತು. ಹುಡುಗನ ಭವಿಷ್ಯವನ್ನೇ ಕದಲಿಸುವ ಆಜ್ಞೆಯನ್ನು ಹೊರಡಿಸುವ ಮುನ್ನ ಅವನ ಮಾತನ್ನು ಕೇಳಲೇಬೇಕೆಂದು ಸುಪ್ರೀಂ ಕೋರ್ಟು 1962ರಲ್ಲಿ ತೀರ್ಪಿತ್ತಿತು. ಹಾಗೆಂದು ಆ ತತ್ತ್ವ ಅಪರಾಧಿಗಳ ಕೋಟೆಯಾಗಬಾರದೆಂಬುದೂ ಅದೇ ನ್ಯಾಯಸ್ಥಾನದ ಇನ್ನೊಂದು ತೀರ್ಪಿನಿಂದ ಸ್ಪಷ್ಟವಾಯಿತು. 1972ರ ಜೂನ್ ತಿಂಗಳ ಒಂದು ರಾತ್ರಿ ರಾಂಚಿಯ ವೈದ್ಯಕೀಯ ಕಾಲೇಜಿನ ಹುಡುಗಿಯರ ವಸತಿಗೃಹಕ್ಕೆ ಕೆಲವು ವಿದ್ಯಾರ್ಥಿಗಳು ನುಗ್ಗಿ ಅಸಭ್ಯವಾಗಿ ನಡೆದುಕೊಂಡರು. ಮೂವತ್ತಾರು ಮಂದಿ ಹುಡುಗಿಯರು ದೂರಿತ್ತರು. ವಿಚಾರಣೆ ನಡೆಸಿದ ಅಧ್ಯಾಪಕರು ಆರೋಪಿಗಳ ಎದುರಿಗೆ ಆ ಹುಡುಗಿಯರನ್ನು ನಿಲ್ಲಿಸಲಿಲ್ಲ. ಆರೋಪಿಗಳ ಭಾವಚಿತ್ರಗಳನ್ನು ಇತರ ಇಪ್ಪತ್ತು ಮಂದಿಯ ಭಾವಚಿತ್ರಗಳೊಂದಿಗೆ ಬೆರೆಸಿ ಗುರುತಿಸುವಂತೆ ಹೇಳಿದರು. ಆಮೇಲೆ ಹುಡುಗರನ್ನು ಕರೆದು ದೂರನ್ನು ತಿಳಿಸಿ ಅವರ ಉತ್ತರವನ್ನೂ ಪಡೆದರು. ಎರಡು ವರ್ಷಗಳ ಕಾಲ ಹೊರಹಾಕಿದರು. ಸಾಕ್ಷಿಗಳನ್ನು ನಮ್ಮೆದುರಿಗೆ ವಿಚಾರಿಸಲಿಲ್ಲವೆಂಬ ಹುಡುಗರ ವಾದವನ್ನು ಸುಪ್ರೀಂ ಕೋರ್ಟು 1973ರಲ್ಲಿ ತಳ್ಳಿಹಾಕಿತು. ನಾಳೆ ಬೀದಿಯಲ್ಲಿ ಅದೇ ಹುಡುಗರ ಕಣ್ಣೆದುರಿಗೆ ನಡೆದುಹೋಗಬೇಕಾದ ಹೆಣ್ಣುಮಕ್ಕಳ ಭಯವೂ ನ್ಯಾಯದ ತಕ್ಕಡಿಯಲ್ಲಿ ಏರತಕ್ಕ ವಸ್ತುವೇ. ಇಪ್ಪತ್ತು ಭಾವಚಿತ್ರಗಳನ್ನು ಬೆರೆಸುವಷ್ಟು ಎಚ್ಚರವನ್ನು ತೋರಿದ ರಾಂಚಿಯ ಆ ಅಧ್ಯಾಪಕರು 1916ರ ಕಲ್ಕತ್ತೆಯಲ್ಲಿ ಇದ್ದಿದ್ದರೆ ಏನಾಗುತ್ತಿತ್ತೆಂದು ಊಹಿಸಬೇಕೆನಿಸುತ್ತದೆ.

ಕಲ್ಕತ್ತೆಯ ವಿಚಾರಣಾ ಸಮಿತಿಗೆ ಅಧ್ಯಕ್ಷರಾಗಿದ್ದವರೇನೂ ಸಾಮಾನ್ಯರಲ್ಲ. ಹೈಕೋರ್ಟಿನ ನ್ಯಾಯಾಧೀಶರೂ, ವಿಶ್ವವಿದ್ಯಾಲಯದ ಉಪಕುಲಪತಿಗಳಾಗಿ ಎಂಟು ವರ್ಷ ದುಡಿದವರೂ ಆದ ಸರ್ ಆಶುತೋಷ ಮುಖರ್ಜಿಯವರು. ಬಂಗಾಳದ ಹುಲಿಯೆಂದು ಜನ ಅವರನ್ನು ಕರೆಯುತ್ತಿದ್ದರು. ವಿದ್ಯಾರ್ಥಿಗಳ ಪರವಾಗಿ ಸಮಿತಿಯ ಮುಂದೆ ನಿಂತವರಲ್ಲಿ ಸುಭಾಷರೂ ಒಬ್ಬರು. ಪ್ರಶ್ನೆ ನೇರವಾಗಿತ್ತು: ಓಟನ್ನರ ಮೇಲೆ ನಡೆದ ಹಲ್ಲೆ ಸರಿಯೆಂದು ತೋರುತ್ತದೆಯೆ?

ಹತ್ತೊಂಬತ್ತು ವರ್ಷದ ಹುಡುಗನ ಮುಂದೆ ಆಗ ಎರಡು ದಾರಿಗಳಿದ್ದವು. ತಪ್ಪು, ಘೋರ ತಪ್ಪು, ಕ್ಷಮಿಸಬೇಕು ಎಂದು ಕೈಮುಗಿದಿದ್ದರೆ ಬಹುಶಃ ಪಾರಾಗುತ್ತಿದ್ದರು. ಹಾಗೆಂದು ತಿಳಿದವರು ಆಮೇಲೆ ಹೇಳಿದರು ಸಹ. ಸರಿಯೇ ಆಯಿತೆಂದು ಎದೆ ತಟ್ಟಿದ್ದರೆ ಬೀದಿಯಲ್ಲಿ ಜಯಘೋಷ ಸಿಗುತ್ತಿತ್ತು. ಅವರು ಎರಡನ್ನೂ ಹಿಡಿಯಲಿಲ್ಲ. ಹಲ್ಲೆ ಸರಿಯಲ್ಲ, ಆದರೆ ವಿದ್ಯಾರ್ಥಿಗಳನ್ನು ತುಂಬ ಕೆರಳಿಸಲಾಗಿತ್ತು ಎಂದರು. ಅಷ್ಟಕ್ಕೆ ನಿಲ್ಲದೆ, ಕಾಲೇಜಿನಲ್ಲಿ ಕೆಲವು ವರ್ಷಗಳಿಂದ ಇಂಗ್ಲಿಷ್ ಅಧ್ಯಾಪಕರು ನಡೆದುಕೊಂಡ ರೀತಿಯನ್ನು ಒಂದೊಂದಾಗಿ ಎಣಿಸಿ ಹೇಳಿದರು. ಉತ್ತರದ ಮೊದಲ ಅರ್ಧ ವಿದ್ಯಾರ್ಥಿಗಳಿಗೆ ರುಚಿಸತಕ್ಕದ್ದಲ್ಲ, ಎರಡನೆಯ ಅರ್ಧ ಅಧಿಕಾರಿಗಳಿಗೆ ರುಚಿಸತಕ್ಕದ್ದಲ್ಲ. ಇಡಿಯಾಗಿ ನೋಡಿದರೆ ಆ ವರ್ಷ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಯಾರಾದರೂ ಆಡಿದ ಮಾತುಗಳಲ್ಲಿ ಅತ್ಯಂತ ನೇರವಾದುದು ಅದೇ ಇರಬೇಕು. ಸಮಿತಿಯ ವರದಿ ಹೊರಬಂದಾಗ ಅದರಲ್ಲಿ ವಿದ್ಯಾರ್ಥಿಗಳ ಬಗ್ಗೆ ಕನಿಕರದ ಮಾತೊಂದೂ ಇರಲಿಲ್ಲವೆಂದೂ, ಹೆಸರು ಹಿಡಿದು ಹೇಳಿದುದು ತಮ್ಮೊಬ್ಬರನ್ನು ಮಾತ್ರವೆಂದೂ ಸುಭಾಷರು ಬರೆದಿದ್ದಾರೆ.

ಆ ದಿನಗಳಲ್ಲಿ ಈ ಗಲಾಟೆಯಿಂದ ಮನನೊಂದವರಲ್ಲಿ ರವೀಂದ್ರನಾಥ ಠಾಕೂರರೂ ಒಬ್ಬರು. ವಿದ್ಯಾರ್ಥಿಗಳನ್ನು ಆಳುವ ವಿಧಾನವನ್ನೇ ಕುರಿತು ಅವರು ಆ ವರ್ಷ ಬಂಗಾಳಿಯಲ್ಲೂ ಇಂಗ್ಲಿಷಿನಲ್ಲೂ ಲೇಖನ ಬರೆದರು. ಹದಿಹರೆಯದಲ್ಲಿ ಮಾನದ ಅರಿವು ಹೊಸದಾಗಿ ಮೂಡಿರುತ್ತದೆ, ಸ್ವಲ್ಪ ತಾಕಿದರೂ ಗಾಯವಾಗುತ್ತದೆ. ಹುಡುಗರನ್ನು ಗೌರವಿಸಲಾರದವನು ಸೆರೆಮನೆಯ ಕಾವಲಿಗೋ ಸೈನ್ಯದ ಕವಾಯತಿಗೋ ಯೋಗ್ಯನಾದಾನು, ಪಾಠ ಹೇಳುವುದಕ್ಕಲ್ಲ ಎಂಬುದು ಅವರ ಅಭಿಪ್ರಾಯದ ಸಾರ. ಶಾಂತಿನಿಕೇತನದಲ್ಲಿ ಹದಿನೈದು ವರ್ಷ ಮಕ್ಕಳ ನಡುವೆ ಬಾಳಿದ್ದವರ ಮಾತು ಅದು.

ಇನ್ನು ಕಟಕದ ಮನೆ. ತಂದೆ ಮಗನ ಮೇಲೆ ಕೂಗಾಡಲಿಲ್ಲ, ಅಡ್ಡಸವಾಲು ಹಾಕಲಿಲ್ಲ. ಕೋರ್ಟಿನಲ್ಲಿ ದಿನವೆಲ್ಲ ಸವಾಲು ಹಾಕುವವರು ಮನೆಯಲ್ಲಿ ಹಾಕದೆ ಇದ್ದುದು ಸಣ್ಣ ಮಾತಲ್ಲ. ಆದರೆ ಒಂದು ವಿಷಯದಲ್ಲಿ ಮಾತ್ರ ಅವರು ಜಗ್ಗಲಿಲ್ಲ. ಇಲ್ಲಿ ಬಾಗಿಲು ಮುಚ್ಚಿದರೇನಂತೆ, ವಿದೇಶಕ್ಕೆ ಕಳುಹಿಸಿ ಓದಿಸಬಾರದೇಕೆ ಎಂಬ ಸಲಹೆ ಬಂದಿತು. ಹಣವಿದ್ದ ಮನೆ, ಕಳುಹಿಸುವುದು ಕಷ್ಟವಾಗಿರಲಿಲ್ಲ. ಜಾನಕೀನಾಥರು ಒಪ್ಪಲಿಲ್ಲ. ಹೆಸರಿಗೆ ಹತ್ತಿದ ಕಳಂಕ ಮೊದಲು ಇಲ್ಲಿಯೇ ತೊಳೆದುಹೋಗಬೇಕು. ಹೊರಹಾಕಿದ ಕಲ್ಕತ್ತಾ ವಿಶ್ವವಿದ್ಯಾಲಯದಿಂದಲೇ ಪದವಿ ಪಡೆಯಬೇಕು. ಸಮುದ್ರಯಾನದ ಮಾತು ಆಮೇಲೆ. ಮಗನಿಗೆ ಇದು ಆಗ ಕಠಿಣವಾಗಿ ತೋರಿರಬಹುದು. ಎಡವಿದ ಮಗನನ್ನು ದುಡ್ಡಿನ ಬಲದಿಂದ ದೂರದ ಊರಿನ ಇನ್ನೊಂದು ಕಾಲೇಜಿಗೆ ದಾಟಿಸಿ ನಿಟ್ಟುಸಿರು ಬಿಡುವ ತಂದೆಗಳು ಇಂದಿಗೂ ಬೇಕಾದಷ್ಟು ಮಂದಿ ಇದ್ದಾರೆ; ರಾಯಬಹಾದ್ದೂರರು ಆ ಗುಂಪಿಗೆ ಸೇರಲಿಲ್ಲ.

ಒಂದು ವರ್ಷಕ್ಕೂ ಮೀರಿ ಸುಭಾಷರಿಗೆ ಪಾಠವಿಲ್ಲ, ಪರೀಕ್ಷೆಯಿಲ್ಲ. ಆ ಕಾಲವನ್ನು ಅವರು ಮಾಳಿಗೆಯಲ್ಲಿ ಕುಳಿತು ಮರುಗುತ್ತ ಕಳೆಯಲಿಲ್ಲ. ಗೆಳೆಯರೊಂದಿಗೆ ತಂಡ ಕಟ್ಟಿ ಕಾಲರಾ ರೋಗಿಗಳಿಗೂ ಸಿಡುಬಿನ ರೋಗಿಗಳಿಗೂ ಶುಶ್ರೂಷೆ ಮಾಡಿದರು. ಮನೆಯವರೇ ಹತ್ತಿರ ಸುಳಿಯಲು ಅಂಜುತ್ತಿದ್ದ ರೋಗಗಳು ಅವು. ಸೈನ್ಯಕ್ಕೆ ಸೇರಬೇಕೆಂಬ ಆಸೆಯೂ ಹುಟ್ಟಿತು. 49ನೆಯ ಬಂಗಾಳಿ ಪಲ್ಟನಿಗೆ ಅರ್ಜಿ ಹಾಕಿದರು. ವೈದ್ಯರು ದೃಷ್ಟಿ ಸಾಲದೆಂದು ತಿರಸ್ಕರಿಸಿದರು. ಹೊಡೆದಾಟದ ಅಪರಾಧಕ್ಕೆ ಕಾಲೇಜಿನಿಂದ ಹೊರಬಿದ್ದವನಿಗೆ ಹೊಡೆದಾಡುವುದೇ ಉದ್ಯೋಗವಾದ ಸೈನ್ಯದಲ್ಲಿಯೂ ಸ್ಥಳ ಸಿಗಲಿಲ್ಲವೆಂದು ಗೆಳೆಯರು ನಗೆಯಾಡಿದ್ದರೆ ಆಶ್ಚರ್ಯವಿಲ್ಲ.

ಕಲ್ಕತ್ತೆಗೆ ಮರಳಿದಾಗ ವಿಶ್ವವಿದ್ಯಾಲಯದ ಮನಸ್ಸು ಮೆತ್ತಗಾಗುವ ಸೂಚನೆ ಕಾಣುತ್ತಿತ್ತು. ಆದರೆ ಮಚ್ಚೆ ಬಿದ್ದ ಹುಡುಗನನ್ನು ಯಾವ ಕಾಲೇಜು ತೆಗೆದುಕೊಳ್ಳುತ್ತದೆ? ಸುಭಾಷರು ಆಗ ಸ್ಕಾಟಿಷ್ ಚರ್ಚಸ್ ಕಾಲೇಜೆಂದು ಹೆಸರಿದ್ದ ಮಿಷನರಿ ಕಾಲೇಜಿನ ಪ್ರಿನ್ಸಿಪಾಲರಾದ ಡಾಕ್ಟರ್ ಅರ್ಕ್ಹಾರ್ಟರ ಬಳಿಗೆ ಹೋದರು. ಏನನ್ನೂ ಮುಚ್ಚಿಡಲಿಲ್ಲ. ತಾವು ಹೊರಹಾಕಲ್ಪಟ್ಟ ವಿದ್ಯಾರ್ಥಿಯೆಂದೂ, ನಿಷೇಧವನ್ನು ತೆಗೆಯುವ ಸಂಭವವಿದೆಯೆಂದೂ, ತತ್ತ್ವಶಾಸ್ತ್ರದ ಆನರ್ಸ್ ಓದುವ ಇಚ್ಛೆಯಿದೆಯೆಂದೂ ಹೇಳಿದರು. ಅರ್ಕ್ಹಾರ್ಟರು ಸ್ಕಾಟ್ಲೆಂಡಿನವರು, ತಾವೇ ತತ್ತ್ವಶಾಸ್ತ್ರ ಕಲಿಸುತ್ತಿದ್ದವರು, ಮಾತಿನಲ್ಲಿ ಮೃದು. ತೆಗೆದುಕೊಳ್ಳಲು ಒಪ್ಪಿದರು, ಪ್ರೆಸಿಡೆನ್ಸಿ ಕಾಲೇಜಿನವರ ಆಕ್ಷೇಪಣೆಯಿಲ್ಲವೆಂಬ ಒಂದು ಚೀಟಿ ಮಾತ್ರ ಬೇಕೆಂದರು.

ಆ ಚೀಟಿಗಾಗಿ ಅಣ್ಣಂದಿರಾದ ಶರತ್‌ಚಂದ್ರರು ಪ್ರೆಸಿಡೆನ್ಸಿ ಕಾಲೇಜಿನ ಹೊಸ ಪ್ರಿನ್ಸಿಪಾಲರಾಗಿದ್ದ ವರ್ಡ್ಸ್‌ವರ್ತರನ್ನು ಕಂಡರು. ಅವರು ಇಲ್ಲವೆನ್ನಲಿಲ್ಲ; ಹುಡುಗನನ್ನೇ ಕಳುಹಿಸಿರಿ, ಒಂದೆರಡು ಮಾತು ಕೇಳಬೇಕಾಗಿದೆ ಎಂದರು. ಹೊರಹೋದ ಬಾಗಿಲಿನಿಂದಲೇ ಸುಭಾಷರು ಮತ್ತೆ ಒಳಗೆ ಹೋದರು. ಹಿಂದಿನ ವರ್ಷದ ಎಲ್ಲ ಸಂಗತಿಗಳ ಬಗ್ಗೆ ಸೂಕ್ಷ್ಮವಾದ ವಿಚಾರಣೆ ನಡೆಯಿತು. ಒಂದು ದೃಷ್ಟಿಯಿಂದ ನೋಡಿದರೆ ಇಡೀ ಪ್ರಕರಣದಲ್ಲಿ ಒಬ್ಬ ಪ್ರಿನ್ಸಿಪಾಲರು ಒಬ್ಬ ವಿದ್ಯಾರ್ಥಿಯ ಮಾತನ್ನು ಸಾವಧಾನವಾಗಿ ಕುಳಿತು ಕೇಳಿದುದು ಅದೇ ಮೊದಲು. ಎಲ್ಲವನ್ನೂ ಕೇಳಿ, ತನಗೆ ಹಿಂದೆ ಆದುದಕ್ಕಿಂತ ಮುಂದೆ ಆಗಬೇಕಾದುದು ಮುಖ್ಯವೆಂದು ಹೇಳಿ ವರ್ಡ್ಸ್‌ವರ್ತರು ಅನುಮತಿ ಕೊಟ್ಟರು. 1917ರ ಜುಲೈ ತಿಂಗಳಲ್ಲಿ ಸುಭಾಷರು ಹೊಸ ಕಾಲೇಜಿನ ಮೂರನೆಯ ವರ್ಷದ ತರಗತಿಯಲ್ಲಿ ಕುಳಿತರು. ಜೊತೆಯವರು ಆಗಲೇ ಮುಂದೆ ಹೋಗಿದ್ದರು.

ಓಟನ್ನರೂ ಸರ್ಕಾರಿ ನೌಕರಿಯಲ್ಲಿ ಮೇಲೇರಿ ಬಂಗಾಳದ ವಿದ್ಯಾ ಇಲಾಖೆಯ ಡೈರೆಕ್ಟರ್ ಪದವಿಗೆ ಬಂದರು. ನಿವೃತ್ತರಾಗಿ ಇಂಗ್ಲೆಂಡಿಗೆ ಮರಳಿದರು. 1945ರ ಆಗಸ್ಟಿನಲ್ಲಿ ವಿಮಾನ ಬಿದ್ದು ಸುಭಾಷರು ತೀರಿಕೊಂಡರೆಂಬ ವಾರ್ತೆ ಬಂದ ಮೇಲೆ, ಒಮ್ಮೆ ಮೆಟ್ಟಿಲ ಬುಡದಲ್ಲಿ ಪೆಟ್ಟು ತಿಂದಿದ್ದ ಆ ಪ್ರಾಧ್ಯಾಪಕರು ಸುಭಾಷರ ಮೇಲೆ ಒಂದು ಪದ್ಯ ಬರೆದರು. ಹಳೆಯ ನೋವನ್ನು ಮರೆತು, ಸತ್ತವನ ದೇಶಪ್ರೇಮಕ್ಕೆ ತಲೆಬಾಗುವ ಪದ್ಯ ಅದು. 1973ರಲ್ಲಿ ಓಟನ್ನರು ತೀರಿಕೊಂಡಾಗ ಅವರಿಗೆ ತೊಂಬತ್ತು ಸಮೀಪಿಸಿತ್ತು.

ಸ್ಕಾಟಿಷ್ ಕಾಲೇಜಿನಲ್ಲಿ ಸುಭಾಷರ ದಿನಗಳು ಸದ್ದಿಲ್ಲದೆ ಕಳೆದವು. ವಿಶ್ವವಿದ್ಯಾಲಯದ ಸೈನಿಕ ಶಿಕ್ಷಣದ ದಳ ಆ ವೇಳೆಗೆ ಆರಂಭವಾಗಿತ್ತು, ಅದಕ್ಕೆ ಸೇರಿದರು. ಕೋವಿ ಹಿಡಿದು ಕವಾಯತು ಮಾಡಿದರು. ಅದರಲ್ಲಿ ಅವರಿಗೆ ಅಪಾರ ಸಂತೋಷ ಸಿಕ್ಕಿತು. 1919ರಲ್ಲಿ ಬಿ.ಎ. ಪರೀಕ್ಷೆಯಲ್ಲಿ ತತ್ತ್ವಶಾಸ್ತ್ರಕ್ಕೆ ಮೊದಲ ದರ್ಜೆ ಬಂದಿತು. ವಿಶ್ವವಿದ್ಯಾಲಯಕ್ಕೆ ಎರಡನೆಯ ಸ್ಥಾನ. ಮೆಟ್ರಿಕ್ಯುಲೇಷನ್ನಿನಲ್ಲಿಯೂ ಎರಡನೆಯ ಸ್ಥಾನವೇ ಆಗಿತ್ತಲ್ಲವೆ? ನಡುವೆ ಇಷ್ಟೆಲ್ಲ ಆಗಿಹೋಗಿದ್ದರೂ ಹುಡುಗ ಹೊರಟಲ್ಲಿಗೇ ಬಂದು ನಿಂತಿದ್ದ.

ಸ್ವಲ್ಪ ದಿನಗಳಲ್ಲಿಯೇ ಒಂದು ಸಂಜೆ ಜಾನಕೀನಾಥರು ಮಗನನ್ನು ಕರೆದರು. ಶರತ್‌ಚಂದ್ರರೂ ಇದ್ದರು. ಇಂಗ್ಲೆಂಡಿಗೆ ಹೋಗಿ ಐ.ಸಿ.ಎಸ್. ಪರೀಕ್ಷೆಗೆ ಓದುವೆಯಾ ಎಂದು ತಂದೆಯೇ ಕೇಳಿದರು. ಯೋಚಿಸಿ ಹೇಳಲು ಇಪ್ಪತ್ತನಾಲ್ಕು ಗಂಟೆಗಳ ಅವಧಿ. ಮೂರು ವರ್ಷಗಳ ಹಿಂದೆ ಬೇಡವೆಂದಿದ್ದ ಪ್ರಯಾಣ ಅದು. ಹಾಕಿದ್ದ ಷರತ್ತು ಈಗ ತೀರಿತ್ತು. 1919ರ ಸೆಪ್ಟೆಂಬರ್ 15ರಂದು ಸುಭಾಷರು ಹಡಗು ಹತ್ತಿದರು. ಹಡಗಿನ ಹೆಸರು ಸಿಟಿ ಆಫ್ ಕಲ್ಕತ್ತಾ.